ಎಂಬೆಸಿ ಡ್ಯೂಟಿ ಬೇಕಾ? ಪುಣೆಯಲ್ಲಿ ಕೂತು ತಯಾರಾಗುವವರಿಗೆ ಇದಿಷ್ಟು ಗೊತ್ತಿರಲಿ

ಮೊದಲೇ ಹೇಳಿಬಿಡುತ್ತೇನೆ. ‘ರಾಯಭಾರ ಕಚೇರಿಗೆ ಭದ್ರತಾ ಅಧಿಕಾರಿಗಳು ಬೇಕಾಗಿದ್ದಾರೆ’ ಅಂತ ಹೇಳುವ ಮೆಸೇಜು ನಿಮ್ಮ ಫೋನಿಗೆ ಬಂದು, ನೋಂದಣಿಗೆ ಇಷ್ಟು ಸಾವಿರ ಹಾಕಿ ಅಂತ ಕೇಳಿದರೆ, ಆ ನಂಬರ್ ಬ್ಲಾಕ್ ಮಾಡಿ ಸುಮ್ನೆ ಮಲಗಿ. ನಮ್ಮ ದೇಶದಲ್ಲಿ ಈ ಕೆಲಸಕ್ಕೆ ಮುಂಬಾಗಿಲು ಇಲ್ಲ. ಪಕ್ಕದ ಬಾಗಿಲಿಂದ ಹೋಗಬೇಕು. ಮೊದಲು ಯಾವುದಾದರೂ ಪಡೆಗೋ ಇಲಾಖೆಗೋ ಸೇರಿ, ಅಲ್ಲಿ ನಾಲ್ಕಾರು ವರ್ಷ ಒಳ್ಳೆಯ ಹೆಸರು ಮಾಡಿ, ಆಮೇಲೆ ಅಲ್ಲಿಂದ ಹೊರದೇಶದ ಪೋಸ್ಟಿಂಗಿಗೆ ಹೆಸರು ಕೊಡಬೇಕು.

ನಾನು ಹೋದದ್ದೂ ಹಾಗೇ. ಊರು ಜಮಖಂಡಿ ಕಡೆ. ಕೇಂದ್ರದ ಒಂದು ಪಡೆಗೆ ಕಾನ್‌ಸ್ಟೇಬಲ್ ಆಗಿ ಸೇರಿದೆ, ಇನ್‌ಸ್ಪೆಕ್ಟರ್ ಆಗಿ ನಿವೃತ್ತನಾದೆ, ನಡುವೆ ಎರಡು ವರ್ಷಕ್ಕೂ ಜಾಸ್ತಿ ಹೊರದೇಶದಲ್ಲಿ ನಮ್ಮ ಎಂಬೆಸಿ ಗೇಟಿನಲ್ಲಿ ನಿಂತೆ. ಈಗ ಮಗನ ಜೊತೆ ಪುಣೆಯ ದತ್ತವಾಡಿಯಲ್ಲಿದ್ದೇನೆ. ನವೀ ಪೇಠೆ, ಸದಾಶಿವ ಪೇಠೆಯ ಅಭ್ಯಾಸಿಕೆಗಳಲ್ಲಿ, ಅಂದರೆ ದುಡ್ಡು ಕೊಟ್ಟು ಕೂತು ಓದುವ ಕೋಣೆಗಳಲ್ಲಿ, ಓದುವ ನಮ್ಮ ಕಡೆಯ ಮಕ್ಕಳು, ಇಂಡಿ, ಅಫಜಲಪುರ, ಮುಧೋಳದವರು, ಇಲ್ಲೇ ಹುಟ್ಟಿ ಮನೆಯಲ್ಲಷ್ಟೇ ಕನ್ನಡ ಮಾತಾಡುವವರು, ತಳಜಾಯಿ ಗುಡ್ಡದಲ್ಲಿ ಓಡುವಾಗ ಸಿಕ್ಕು, ‘ಅಂಕಲ್, ಎಂಬೆಸಿಗೆ ಹೋಗೋದು ಹೇಗೆ’ ಅಂತ ಕೇಳುತ್ತಾರೆ. ಒಬ್ಬೊಬ್ಬರಿಗೂ ಹೇಳಿ ಹೇಳಿ ಗಂಟಲು ಒಣಗಿತು, ಅದಕ್ಕೇ ಬರೆಯುತ್ತಿದ್ದೇನೆ.

ದತ್ತವಾಡಿಯಿಂದ ಹೊಳೆ ದಾಟಲು ಮ್ಹಾತ್ರೆ ಪೂಲ್ ಇದೆಯಲ್ಲ, ದಿನಾ ಅದರ ಮೇಲೆ ಸ್ಕೂಟರ್ ಓಡಿಸುವವರನ್ನು ಕೇಳಿ ನೋಡಿ, ಯಾರು ಈ ಮ್ಹಾತ್ರೆ ಅಂತ. ಯಾರೋ ನಗರಸೇವಕ (ಕಾರ್ಪೊರೇಟರ್) ಇರಬೇಕು ಅನ್ನುತ್ತಾರೆ. ಅವರು ರವೀಂದ್ರ ಮ್ಹಾತ್ರೆ, ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್‌ನಲ್ಲಿದ್ದ ನಮ್ಮ ರಾಜತಾಂತ್ರಿಕ. 1984ರ ಫೆಬ್ರವರಿ 3ರಂದು ಸಂಜೆ ಕೆಲಸ ಮುಗಿಸಿ, ಮಗಳ ಹುಟ್ಟುಹಬ್ಬದ ಕೇಕ್ ಹಿಡಿದು, ಬಸ್ಸಿಳಿದು ಮನೆಗೆ ನಡೆಯುತ್ತಿದ್ದರು. ಅಪಹರಿಸಿದರು. ಮೂರು ದಿನದೊಳಗೆ ಕೊಂದರು. ಕಾವಲಿಲ್ಲ, ಕಾರಿಲ್ಲ, ಬಸ್ಸಿನಲ್ಲಿ ಓಡಾಡುತ್ತಿದ್ದ ಮನುಷ್ಯ. ನಮ್ಮ ಕೆಲಸದ ಮೊದಲ ಪಾಠ ಇಲ್ಲೇ ಇದೆ. ಅಪಾಯ ಯಾವಾಗಲೂ ಗೇಟಿನ ಹತ್ತಿರವೇ ಬರುವುದಿಲ್ಲ. ದಿನಾ ಅದೇ ದಾರಿ, ಅದೇ ಹೊತ್ತು ಆದರೆ, ಹೊಂಚು ಹಾಕುವವನಿಗೆ ಕೆಲಸವೇ ಉಳಿಯುವುದಿಲ್ಲ. ರಾಯಭಾರಿ ಸಾಹೇಬರ ಕಾರು ಯಾವ ದಾರಿಯಲ್ಲಿ ಹೋಗಬೇಕು, ಎಷ್ಟು ಹೊತ್ತಿಗೆ ಹೊರಡಬೇಕು ಅಂತ ಯೋಚಿಸಿ, ಇವತ್ತು ಹಾಗೆ, ನಾಳೆ ಹೀಗೆ ಅಂತ ಬದಲಾಯಿಸುತ್ತಾ ಇರುವುದು ಈ ನೌಕರಿಯ ದೊಡ್ಡ ಭಾಗ. ಬಂದೂಕು ಹಿಡಿಯುವುದು ಚಿಕ್ಕ ಭಾಗ.

ಈಗ ಕೆಲಸ ಏನು ಅಂತ ತಿಳಿದುಕೊಳ್ಳಿ. ಸುಮಾರು ಜನ ಎಂಬೆಸಿ ಅಂದರೆ ಆ ದೇಶದ ನೆಲ ಅಂದುಕೊಂಡಿದ್ದಾರೆ. ಸಂದರ್ಶನದಲ್ಲಿ ಹಾಗೆ ಹೇಳಿದರೆ ಎದುರಿನವರು ನಗುತ್ತಾರೆ. ದಿಲ್ಲಿಯಲ್ಲಿರುವ ಅಮೆರಿಕದ ಎಂಬೆಸಿ ನಿಂತಿರುವುದು ಭಾರತದ ನೆಲದ ಮೇಲೆಯೇ. ಆದರೆ 1961ರ ವಿಯೆನ್ನಾ ಒಪ್ಪಂದದ 22ನೇ ವಿಧಿ ಪ್ರಕಾರ, ಅಲ್ಲಿಯ ಮುಖ್ಯಸ್ಥರ ಒಪ್ಪಿಗೆ ಇಲ್ಲದೆ ನಮ್ಮ ಪೊಲೀಸರು ಒಳಗೆ ಕಾಲಿಡುವ ಹಾಗಿಲ್ಲ, ಮತ್ತು ಆ ಜಾಗವನ್ನು ಕಾಪಾಡುವುದು ನಮ್ಮ ಸರ್ಕಾರದ ವಿಶೇಷ ಹೊಣೆ. ನಮ್ಮ ಎಂಬೆಸಿ ಹೊರಗೆ ಇದ್ದಾಗ ಇದೇ ಲೆಕ್ಕ ತಿರುಗುಮುರುಗು. ಹೊರಗಿನ ರಸ್ತೆ ಅಲ್ಲಿಯ ಪೊಲೀಸರದ್ದು, ಗೇಟಿನ ಒಳಗೆ ನಮ್ಮದು. ಗೇಟಿನ ಗೆರೆ ದಾಟಿದರೆ ನೀವು ಯೂನಿಫಾರ್ಮ್ ಹಾಕಿದ ಪರದೇಶಿ ಅಷ್ಟೇ. ಎದುರಿನ ಫುಟ್‌ಪಾತಿನಲ್ಲಿ ಯಾರೋ ಅನುಮಾನ ಹುಟ್ಟಿಸುವ ಹಾಗೆ ನಿಂತಿದ್ದರೂ ನೀವು ಹೋಗಿ ಕಾಲರ್ ಹಿಡಿಯುವ ಹಾಗಿಲ್ಲ. ಅಲ್ಲಿಯ ಪೊಲೀಸಿಗೆ ಹೇಳಬೇಕು. ಅವನಿಗೆ ಹೇಳಿದರೆ ಕೇಳುವಷ್ಟು ದೋಸ್ತಿ ಮೊದಲೇ ಬೆಳೆಸಿರಬೇಕು. ನಾನು ಚಹಾ ಕೊಟ್ಟು ಬೆಳೆಸಿದೆ.

ಇನ್ನು ಬಾಗಿಲುಗಳು.

ಹತ್ತನೇ ಕ್ಲಾಸ್ ಪಾಸಾದವರಿಗೆ ಎಸ್‌ಎಸ್‌ಸಿ, ಅಂದರೆ ಕೇಂದ್ರದ ಸ್ಟಾಫ್ ಸೆಲೆಕ್ಷನ್ ಕಮಿಷನ್, ನಡೆಸುವ ಜಿಡಿ (ಜನರಲ್ ಡ್ಯೂಟಿ) ಕಾನ್‌ಸ್ಟೇಬಲ್ ಪರೀಕ್ಷೆ; ಕೇಂದ್ರದ ಪಡೆಗಳಿಗೆ ಸೇರುವ ದಾರಿ ಇದು. ವಯಸ್ಸು 18ರಿಂದ 23, ಒಬಿಸಿಗೆ ಮೂರು ವರ್ಷ, ಎಸ್‌ಸಿ ಎಸ್‌ಟಿಗೆ ಐದು ವರ್ಷ ಸಡಿಲ. ಎತ್ತರ ಹುಡುಗರಿಗೆ 170 ಸೆಂಟಿಮೀಟರ್, ಹುಡುಗಿಯರಿಗೆ 157. 80 ಪ್ರಶ್ನೆ, 160 ಅಂಕ, 60 ನಿಮಿಷ. ನಮ್ಮವರಿಗೆ ಇದರಲ್ಲಿ ಒಂದು ಸಿಹಿ ಸುದ್ದಿ ಇದೆ, ಗೊತ್ತಿಲ್ಲದವರೇ ಜಾಸ್ತಿ: 2024ರಿಂದ ಈ ಪರೀಕ್ಷೆ ಕನ್ನಡದಲ್ಲೂ ಬರೆಯಬಹುದು. ಭಾಷೆಯ ಭಾಗಕ್ಕೆ ಮಾತ್ರ ಇಂಗ್ಲಿಷ್ ಅಥವಾ ಹಿಂದಿ ಬೇಕು. ಪುಣೆಯಲ್ಲಿ ಮರಾಠಿ ಶಾಲೆಗೆ ಹೋದವರು ಮರಾಠಿಯನ್ನೇ ಆರಿಸಿಕೊಳ್ಳಿ, ಅದೂ ಇದೆ. ಮನೆಯ ಅಭಿಮಾನಕ್ಕೆ ಕನ್ನಡ ಆರಿಸಿ, ಆಮೇಲೆ ಗಣಿತದ ಪದಗಳು ಅರ್ಥವಾಗದೆ ಒದ್ದಾಡಬೇಡಿ. ಯಾವ ಭಾಷೆಯಲ್ಲಿ ಲೆಕ್ಕ ಕಲಿತಿರೋ ಅದು. ಎನ್‌ಸಿಸಿ ಸಿ ಸರ್ಟಿಫಿಕೇಟ್ ಇದ್ದರೆ ಒಟ್ಟು ಅಂಕದ ಶೇ 5 ಸೇರುತ್ತದೆ, ಅಂದರೆ 8 ಅಂಕ. ಅರ್ಧ ಅಂಕದಲ್ಲಿ ಜನ ಬಿದ್ದುಹೋಗುವ ಪರೀಕ್ಷೆಯಲ್ಲಿ 8 ಅಂಕ ಅಂದರೆ ತಮಾಷೆನಾ? ಕಾಲೇಜಿನಲ್ಲಿ ಇರುವವರು ಇವತ್ತೇ ಎನ್‌ಸಿಸಿ ಸೇರಿ.

ಅರ್ಜಿಯಲ್ಲಿ ಯಾವ ಪಡೆ ಮೊದಲು, ಯಾವುದು ಆಮೇಲೆ ಅಂತ ಕ್ರಮ ಕೇಳುತ್ತಾರೆ. ನೂರಕ್ಕೆ ತೊಂಬತ್ತು ಹುಡುಗರು ಸಿಐಎಸ್‌ಎಫ್ (ಕೈಗಾರಿಕಾ ಭದ್ರತಾ ಪಡೆ) ಮೊದಲು ಹಾಕುತ್ತಾರೆ, ವಿಮಾನ ನಿಲ್ದಾಣದಲ್ಲಿ ಎಸಿ ಸಿಗುತ್ತದೆ ಅಂತ. ತಪ್ಪೇನಿಲ್ಲ. ಆದರೆ ಎಂಬೆಸಿಯೇ ಬೇಕು ಅಂದರೆ ಐಟಿಬಿಪಿ (ಇಂಡೋ ಟಿಬೆಟನ್ ಬಾರ್ಡರ್ ಪೊಲೀಸ್) ಬಗ್ಗೆ ಯೋಚಿಸಿ. 1962ರ ಅಕ್ಟೋಬರ್ 24ರಂದು ಹುಟ್ಟಿದ ಪಡೆ, ಟಿಬೆಟ್ ಗಡಿ ಅದರ ಮನೆ. ಆಫ್ಘಾನಿಸ್ತಾನದಲ್ಲಿ ಕಾಬೂಲಿನ ಎಂಬೆಸಿ ಮತ್ತು ಅಲ್ಲಿಯ ನಮ್ಮ ಕಾನ್ಸುಲೇಟ್‌ಗಳನ್ನು (ಬೇರೆ ಊರುಗಳಲ್ಲಿನ ಎಂಬೆಸಿಯ ಶಾಖೆಗಳಂಥ ಕಚೇರಿ) ವರ್ಷಗಟ್ಟಲೆ ಕಾದದ್ದು ಇವರೇ. ಮೈನಸ್ ಡಿಗ್ರಿಯಲ್ಲಿ ಪೋಸ್ಟ್ ಕಾಯುವ ತಾಕತ್ತು ಇರಬೇಕು, ಅದನ್ನೂ ಹೇಳಿಬಿಡುತ್ತೇನೆ. ವಿಜಯಪುರದ ಬಿಸಿಲಲ್ಲಿ ಬೆಳೆದ ನನ್ನಂಥವನಿಗೆ ಮೊದಲ ಚಳಿಗಾಲ ಅಳು ಬಂದಿತ್ತು.

ಡಿಗ್ರಿ ಆದವರಿಗೆ ಎರಡು ದಾರಿ. ಎಸ್‌ಎಸ್‌ಸಿಯ ಸಿಪಿಒ ಪರೀಕ್ಷೆ ಬರೆದರೆ ಕೇಂದ್ರದ ಪಡೆಗಳಲ್ಲಿ ಅಥವಾ ದಿಲ್ಲಿ ಪೊಲೀಸಿನಲ್ಲಿ ಸಬ್ ಇನ್‌ಸ್ಪೆಕ್ಟರ್. ಯುಪಿಎಸ್‌ಸಿಯ ಸಿಎಪಿಎಫ್ (ಕೇಂದ್ರ ಸಶಸ್ತ್ರ ಪೊಲೀಸ್ ಪಡೆಗಳ) ಪರೀಕ್ಷೆ ಬರೆದರೆ ನೇರ ಅಸಿಸ್ಟೆಂಟ್ ಕಮಾಂಡೆಂಟ್: ವಯಸ್ಸು 20ರಿಂದ 25, ಮೊದಲ ಪೇಪರ್ 250 ಅಂಕ, ಎರಡನೆಯದು 200, ಸಂದರ್ಶನ 150. ಇಲ್ಲಿ ಕನ್ನಡಕ್ಕೆ ಜಾಗ ಇಲ್ಲ, ಇಂಗ್ಲಿಷ್ ಗಟ್ಟಿ ಬೇಕು. ಮೈದಾನದಲ್ಲಿ ಹುಡುಗರು 800 ಮೀಟರ್ 3 ನಿಮಿಷ 45 ಸೆಕೆಂಡಿನಲ್ಲಿ, ಹುಡುಗಿಯರು 4 ನಿಮಿಷ 45 ಸೆಕೆಂಡಿನಲ್ಲಿ ಮುಗಿಸಬೇಕು. ಗುಂಡು ಎಸೆತ ಹುಡುಗರಿಗೆ ಮಾತ್ರ. 7.26 ಕಿಲೋ ಗುಂಡು, 4.5 ಮೀಟರ್ ದೂರ. ಓದುವ ಮಕ್ಕಳು ಎಡವುವುದು ಓಟದಲ್ಲಿ ಅಲ್ಲ, ಈ ಗುಂಡಿನಲ್ಲಿ. ಸಂದರ್ಶನದ ಕೋಟು ಹೊಲಿಸುವ ದುಡ್ಡಿನಲ್ಲಿ ಮೊದಲು ಒಂದು ಗುಂಡು ತಗೊಳ್ಳಿ.

ಮೂರನೆಯದು ಐಬಿ, ಅಂದರೆ ಕೇಂದ್ರದ ಗುಪ್ತಚರ ಇಲಾಖೆ. ಸೆಕ್ಯುರಿಟಿ ಅಸಿಸ್ಟೆಂಟ್ ಹುದ್ದೆಗೆ ಹತ್ತನೇ ಕ್ಲಾಸ್ ಸಾಕು, 27 ವರ್ಷದವರೆಗೆ, ಅರ್ಜಿ ಹಾಕಿದ ರಾಜ್ಯದ ಸ್ಥಳೀಯ ಭಾಷೆ ಬರಬೇಕು. ಇದು ಕುತ್ತಿಗೆಗೆ ಬಿಲ್ಲೆ ನೇತುಹಾಕಿಕೊಂಡು ತಿರುಗುವ ಕೆಲಸ ಅಲ್ಲ, ಆಯ್ಕೆಯಾದರೆ ಇನ್‌ಸ್ಟಾಗ್ರಾಮ್‌ನಲ್ಲಿ ಹಾಕುವ ಹಾಗೂ ಇಲ್ಲ. ಹೆಚ್ಚು ಬರೆಯುವುದಿಲ್ಲ.

ನಾಲ್ಕನೆಯದು ಮಹಾರಾಷ್ಟ್ರ ಪೊಲೀಸ್ ಭರತಿ. ಮುಂಬೈಯಲ್ಲಿರುವ ವಿದೇಶಿ ಕಾನ್ಸುಲೇಟ್‌ಗಳ ಹೊರಗಿನ ಕಾವಲು ಮುಂಬೈ ಪೊಲೀಸರದ್ದು. ಹನ್ನೆರಡನೇ ಕ್ಲಾಸ್, ಮೈದಾನಕ್ಕೆ 50 ಅಂಕ, ಲಿಖಿತಕ್ಕೆ 100, ಎಲ್ಲಾ ಮರಾಠಿಯಲ್ಲಿ. ಇಲ್ಲೇ ಓದಿದ ನಮ್ಮ ಮಕ್ಕಳ ಮರಾಠಿ ಯಾರಿಗೇನು ಕಡಿಮೆ ಇಲ್ಲ, ಆದರೂ ‘ನಾವು ಕನ್ನಡದವರು, ನಮ್ಮನ್ನು ತಗೋತಾರಾ’ ಅಂತ ಹಿಂಜರಿಯುತ್ತಾರೆ. ಮಹಾರಾಷ್ಟ್ರದ ಡೊಮಿಸೈಲ್, ಅಂದರೆ ಇಲ್ಲಿಯ ಖಾಯಂ ನಿವಾಸಿ ಅನ್ನುವ ಸರ್ಟಿಫಿಕೇಟ್, ಇದೆಯಾ? ಹಾಗಾದರೆ ತಗೋತಾರೆ.

ಡೊಮಿಸೈಲ್ ಅಂದೆನಲ್ಲ. ಇಲ್ಲಿ ನಿಂತುಕೊಂಡು ಓದಿ. ಪುಣೆಯ ಕನ್ನಡದ ಮಕ್ಕಳು ಓಟದಲ್ಲಿ ಬಿದ್ದದ್ದಕ್ಕಿಂತ ಜಾಸ್ತಿ ಈ ಒಂದು ಕಾಗದದಲ್ಲಿ ಬಿದ್ದದ್ದನ್ನು ನಾನು ನೋಡಿದ್ದೇನೆ. ಜಿಡಿ ಪರೀಕ್ಷೆಯಲ್ಲಿ ಹುದ್ದೆಗಳು ರಾಜ್ಯವಾರು. ಅರ್ಜಿಯಲ್ಲಿ ನೀವು ಬರೆದ ರಾಜ್ಯಕ್ಕೂ ನೀವು ತೋರಿಸುವ ಸರ್ಟಿಫಿಕೇಟಿಗೂ ಹೊಂದಬೇಕು. ಇಂಡಿ ಕಡೆಯ ಒಬ್ಬ ಹುಡುಗ, ಅಪ್ಪ ಅವ್ವ ಇಬ್ಬರೂ ಇಲ್ಲಿ ಕಟ್ಟಡದ ಕೆಲಸ, ಹುಟ್ಟಿದ್ದು ಬೆಳೆದದ್ದು ವಾರ್ಜೆಯಲ್ಲಿ. ಆಧಾರ್ ಮಾತ್ರ ಊರಿನದು, ರೇಷನ್ ಕಾರ್ಡಿಗೋಸ್ಕರ. ಅರ್ಜಿ ತುಂಬುವಾಗ ಸೈಬರ್ ಕೆಫೆಯವನು ಆಧಾರ್ ನೋಡಿ ಕರ್ನಾಟಕ ಅಂತ ಒತ್ತಿದ. ಪರೀಕ್ಷೆ ಪಾಸು. ಓಟ ಪಾಸು. ಕಾಗದ ನೋಡುವ ದಿನ ಅವನ ಕೈಯಲ್ಲಿ ಇದ್ದದ್ದು ಮಹಾರಾಷ್ಟ್ರದ ಡೊಮಿಸೈಲ್. ಮೇಜಿನ ಹಿಂದಿದ್ದವರು ಒಳ್ಳೆಯವರೇ, ಎರಡು ಸಲ ಕೇಳಿದರು, ಬೇರೆ ಏನಾದರೂ ಇದೆಯಾ ತಮ್ಮಾ ಅಂತ. ಇರಲಿಲ್ಲ. ಅವನು ಸ್ವಾರಗೇಟ್ ಸ್ಟ್ಯಾಂಡಿನಿಂದ ನನಗೆ ಫೋನ್ ಮಾಡಿ ಏನೂ ಮಾತಾಡದೆ ಇಟ್ಟುಬಿಟ್ಟ.

ಆದ್ದರಿಂದ ಜಾಹೀರಾತು ಬರುವುದಕ್ಕೆ ಮೊದಲೇ ಮನೆಯಲ್ಲಿ ಕೂತು ತೀರ್ಮಾನ ಮಾಡಿ, ನಾವು ಯಾವ ರಾಜ್ಯದವರು ಅಂತ. ಮಹಾರಾಷ್ಟ್ರ ಅಂದರೆ 15 ವರ್ಷ ಇಲ್ಲಿದ್ದ ದಾಖಲೆ ಬೇಕು: ಶಾಲೆ ಬಿಟ್ಟ ದಾಖಲೆ, ಲೈಟ್ ಬಿಲ್, ಬಾಡಿಗೆ ಕರಾರು. ಮಹಾರಾಷ್ಟ್ರ ಸರ್ಕಾರದ ಆಪಲೇ ಸರ್ಕಾರ್ ಪೋರ್ಟಲಿನಲ್ಲಿ ಅರ್ಜಿ ಹಾಕಬಹುದು. ಕರ್ನಾಟಕ ಅಂದರೆ ಊರಿನ ನಾಡಕಚೇರಿ. ಆಮೇಲೆ ಆಧಾರ್, ಮಾರ್ಕ್ಸ್ ಕಾರ್ಡ್ ಎಲ್ಲದರಲ್ಲೂ ಹೆಸರು ಒಂದೇ ಥರ ಇದೆಯಾ ನೋಡಿ. ನಮ್ಮ ಕಡೆ ಹೆಸರಿನ ಕೊನೆಗೆ ಅಪ್ಪ ಸೇರಿಸುತ್ತೇವೆ, ಇಲ್ಲಿಯ ಶಾಲೆಯವರು ಅದನ್ನು ಕತ್ತರಿಸಿ ಅಪ್ಪನ ಹೆಸರನ್ನು ನಡುವೆ ತುರುಕುತ್ತಾರೆ, ಒಬ್ಬನೇ ಹುಡುಗ ಮೂರು ಕಾಗದದಲ್ಲಿ ಮೂರು ಜನ ಆಗಿರುತ್ತಾನೆ. ಜಾತಿ ಸರ್ಟಿಫಿಕೇಟಿನದೂ ಇದೇ ಗೋಳು. ಕೇಂದ್ರದ ಒಬಿಸಿ ಪಟ್ಟಿ ರಾಜ್ಯವಾರು ಇರುತ್ತದೆ, ಕರ್ನಾಟಕದ ಪಟ್ಟಿಯಲ್ಲಿ ಇರುವ ಜಾತಿ ಮಹಾರಾಷ್ಟ್ರದ ಪಟ್ಟಿಯಲ್ಲಿ ಇರಲೇಬೇಕು ಅಂತಿಲ್ಲ. ಮೊದಲೇ ನೋಡಿಕೊಳ್ಳಿ.

ಓಟದ ಬಗ್ಗೆ ಹೆಚ್ಚು ಹೇಳುವುದಿಲ್ಲ, ಯೂಟ್ಯೂಬಿನಲ್ಲಿ ಬೇಕಾದಷ್ಟು ಇದೆ. ಜಿಡಿಗೆ ಹುಡುಗರು 5 ಕಿಲೋಮೀಟರ್ 24 ನಿಮಿಷದಲ್ಲಿ, ಹುಡುಗಿಯರು 1.6 ಕಿಲೋಮೀಟರ್ ಎಂಟೂವರೆ ನಿಮಿಷದಲ್ಲಿ. ತಳಜಾಯಿಯ ಏರಿನಲ್ಲಿ ಓಡಿ ಅಭ್ಯಾಸ ಆದವನಿಗೆ ಸಪಾಟಾದ ಮೈದಾನ ಏನೂ ಅನ್ನಿಸುವುದಿಲ್ಲ. ಡಾಂಬರಿನ ಮೇಲೆ ದಿನಾ ಓಡಬೇಡಿ, ಮೊಣಕಾಲ ಕೆಳಗೆ ಎಲುಬು ನೋಯಲು ಶುರುವಾದರೆ ಒಂದು ತಿಂಗಳು ಹೋಯಿತು.

ಮೆಡಿಕಲ್ ಬಗ್ಗೆ ಮಾತ್ರ ಹೇಳಲೇಬೇಕು. ನನ್ನನ್ನು ಮೊದಲ ಸಲ ಅನ್‌ಫಿಟ್ ಮಾಡಿದ್ದು ಯಾಕೆ ಗೊತ್ತಾ? ಕಿವಿಯ ಕೊಳೆ! ಡಾಕ್ಟರಿಗೆ ಕಿವಿಯ ಪರದೆ ಕಾಣಲಿಲ್ಲ, ಬರೆದುಬಿಟ್ಟರು. ಆಮೇಲೆ ರಿವ್ಯೂ ಮೆಡಿಕಲ್‌ಗೆ ಹೋಗಿ ಬಚಾವಾದೆ, ಆದರೆ ಆ ಕೆಲವು ದಿನ ನಿದ್ದೆ ಇಲ್ಲ. ಮೊದಲೇ ಒಬ್ಬ ಕಿವಿ ಮೂಗಿನ ಡಾಕ್ಟರ ಹತ್ತಿರ ಹೋಗಿ. ಹಾಗೇ ಹಲ್ಲು, ಮೂಲವ್ಯಾಧಿ, ಕಾಲಿನ ಉಬ್ಬಿದ ನರ, ಚಪ್ಪಟೆ ಪಾದ, ಬಣ್ಣಗುರುಡು, ಎಲ್ಲಾ ಒಮ್ಮೆ ತೋರಿಸಿಕೊಳ್ಳಿ. ಜಿಡಿಗೆ ಕನ್ನಡಕ ನಡೆಯುವುದಿಲ್ಲ. ಹಚ್ಚೆ ಹಾಕಿಸುವ ಆಸೆ ಇದ್ದರೆ ಸಲ್ಯೂಟ್ ಹೊಡೆಯುವ ಬಲಗೈ ಬಿಟ್ಟುಬಿಡಿ. ಅಲ್ಲಿ ‘ಅವ್ವ’ ಅಂತ ಬರೆಸಿಕೊಂಡರೂ ಯಾರೂ ಕರಗುವುದಿಲ್ಲ.

ಸರಿ, ಸೇರಿದಿರಿ. ತರಬೇತಿ ಮುಗಿಯಿತು, ಗಡಿಯಲ್ಲೋ ಕಾಡಿನಲ್ಲೋ ಕೆಲವು ವರ್ಷ ಆಯಿತು. ಒಂದು ದಿನ ಯೂನಿಟ್ಟಿಗೆ ಕಾಗದ ಬರುತ್ತದೆ, ಹೊರದೇಶದ ಡ್ಯೂಟಿಗೆ ಯಾರು ತಯಾರಿದ್ದೀರಿ ಅಂತ. ಆಗ ನೋಡುವುದು ಮೂರೇ. ಶಿಕ್ಷೆ ಇಲ್ಲದ ದಾಖಲೆ. ಪ್ರತಿ ವರ್ಷದ ಗೌಪ್ಯ ವರದಿಯಲ್ಲಿ ಒಳ್ಳೆಯ ಅಂಕ. ಮೆಡಿಕಲ್‌ನಲ್ಲಿ ಶೇಪ್ ಒನ್, ಅಂದರೆ ಪೂರ್ತಿ ಫಿಟ್. ಮೇಲಿನವರ ಜೊತೆ ಜಗಳ ಆಡಿ ಒಂದು ಸಲ ಚಾರ್ಜ್‌ಶೀಟ್ ತಗೊಂಡವನು, ಎಷ್ಟೇ ಗುರಿಕಾರ ಆಗಿರಲಿ, ಪಟ್ಟಿಯಿಂದ ಔಟ್. ಜೊತೆಗೆ ಗಾಡಿ ಓಡಿಸಲು ಬರುತ್ತದೆ, ವೈರ್‌ಲೆಸ್ ಗೊತ್ತು, ಬಾಂಬ್ ಪತ್ತೆಯ ಕೋರ್ಸ್ ಆಗಿದೆ, ನಾಯಿ ನೋಡಿಕೊಳ್ಳುತ್ತಾನೆ ಅಂದರೆ ನಿಮ್ಮ ಹೆಸರು ಮೇಲೆ ಬರುತ್ತದೆ. ನಾಯಿ ಅಂದರೆ ನಗಬೇಡಿ. 2021ರ ಆಗಸ್ಟಿನಲ್ಲಿ ಕಾಬೂಲ್ ಎಂಬೆಸಿ ಖಾಲಿ ಮಾಡಿದಾಗ ಮಾಯಾ, ರೂಬಿ, ಬಾಬಿ ಅಂತ ಐಟಿಬಿಪಿಯ ಮೂರು ನಾಯಿಗಳೂ ಜವಾನರ ಜೊತೆ ವಾಯುಪಡೆಯ ವಿಮಾನದಲ್ಲೇ ಬಂದವು. ಅವೂ ಡ್ಯೂಟಿ ಮಾಡಿದ್ದವು, ಬಿಟ್ಟು ಬರೋದು ಹೇಗೆ?

ಪೋಸ್ಟಿಂಗ್ ಆದರೆ ಬಿಳಿ ಪಾಸ್‌ಪೋರ್ಟ್ ಕೊಡುತ್ತಾರೆ. ಸಾಮಾನ್ಯರದ್ದು ನೀಲಿ, ರಾಜತಾಂತ್ರಿಕರದ್ದು ಮರೂನ್, ಸರ್ಕಾರಿ ಕೆಲಸಕ್ಕೆ ಹೋಗುವವರದ್ದು ಬಿಳಿ. ಸಂಬಳದ ಮೇಲೆ ವಿದೇಶ ಭತ್ಯೆ ಬರುತ್ತದೆ. ಊರಲ್ಲಿ ಮನೆ ಕಟ್ಟಿದವರೆಲ್ಲ ಅದರಲ್ಲೇ ಕಟ್ಟಿದ್ದು.

ಗೇಟಿನ ಕೆಲಸ ಹೊರಗಿನಿಂದ ನೋಡಿದರೆ ಏನೂ ಇಲ್ಲ. ಎಂಟು ಗಂಟೆ ನಿಲ್ಲುವುದು. ಅದೇ ಕಷ್ಟ. ಮುನ್ನೂರು ದಿನ ಏನೂ ಆಗುವುದಿಲ್ಲ, ಮುನ್ನೂರ ಒಂದನೇ ದಿನವೂ ಮೊದಲ ದಿನದಂತೆಯೇ ಕಣ್ಣು ಬಿಟ್ಟಿರಬೇಕು. ಗಾಡಿ ಬಂದರೆ ಕೋಲಿಗೆ ಕಟ್ಟಿದ ಕನ್ನಡಿಯನ್ನು ಕೆಳಗೆ ತೂರಿಸಿ ನೋಡುತ್ತೇವಲ್ಲ, ಹೊಸಬರು ಕನ್ನಡಿ ಆಡಿಸುತ್ತಾರೆ, ನೋಡುವುದಿಲ್ಲ. ನನಗೆ ಕಲಿಸಿದ ಹವಾಲ್ದಾರ್ ಮೊದಲ ವಾರ ಕನ್ನಡಿಯನ್ನೇ ಕೊಡಲಿಲ್ಲ. ಗ್ಯಾರೇಜಿಗೆ ಕರೆದುಕೊಂಡು ಹೋಗಿ ಗಾಡಿಯ ಕೆಳಗೆ ಮಲಗಿಸಿದರು. ಸೈಲೆನ್ಸರ್ ಎಲ್ಲಿ, ಡೀಸೆಲ್ ಟ್ಯಾಂಕ್ ಎಲ್ಲಿ, ಯಾವ ಪೈಪ್ ಎಲ್ಲಿಂದ ಎಲ್ಲಿಗೆ. ‘ಬಾಂಬ್ ಹುಡುಕಬೇಡ’ ಅಂದರು, ‘ಕೆಸರು ನೋಡು.’ ಓಡುವ ಗಾಡಿಯ ಹೊಟ್ಟೆ ಎಲ್ಲಾ ಕಡೆ ಒಂದೇ ಥರ ಕೊಳಕಾಗಿರುತ್ತದೆ. ಎಲ್ಲೋ ಅಂಗೈಯಷ್ಟು ಜಾಗ ಚೊಕ್ಕ ಇದ್ದರೆ, ಯಾರೋ ಅಲ್ಲಿ ಕೈ ಹಾಕಿದ್ದಾರೆ. ಗಾಡಿ ನಿಲ್ಲಿಸು, ಡ್ರೈವರನ್ನು ಇಳಿಸು, ಆಮೇಲೆ ಕೇಳು. ನೀವು ಇದನ್ನು ಇವತ್ತೇ ಕಲಿಯಬಹುದು, ಪುಣೆಯಲ್ಲಿ ಗ್ಯಾರೇಜಿಗೇನು ಬರವಾ? ಅರ್ಧ ಗಂಟೆ ಯಾವುದಾದರೂ ಬೊಲೆರೊ ಕೆಳಗೆ ಮಲಗಿ ನೋಡಿ ಬನ್ನಿ.

ವೀಸಾ ಸಾಲು ಇನ್ನೊಂದು. ಒಬ್ಬ ಹಳದಿ ಫೈಲ್ ಹಿಡಿದು ಮೂರು ದಿನ ಬಂದ. ಸಾಲಿನಲ್ಲಿ ನಿಲ್ಲುವುದಿಲ್ಲ, ಸಾಲಿನ ಪಕ್ಕ ನಿಲ್ಲುತ್ತಾನೆ, ಹನ್ನೊಂದಕ್ಕೆ ಹೋಗುತ್ತಾನೆ. ರಿಜಿಸ್ಟರಿನಲ್ಲಿ ಹೊತ್ತು, ಅಂಗಿಯ ಬಣ್ಣ, ಚಪ್ಪಲಿ ಬರೆದೆ. ಚಪ್ಪಲಿ ಮುಖ್ಯ, ಅಂಗಿ ಬದಲಾಯಿಸುವಷ್ಟು ಸುಲಭವಾಗಿ ಜನ ಚಪ್ಪಲಿ ಬದಲಾಯಿಸುವುದಿಲ್ಲ. ಅಲ್ಲಿಯ ಪೊಲೀಸಿಗೆ ತೋರಿಸಿದೆ, ವಿಚಾರಿಸಿದರು, ಅರ್ಜಿ ತುಂಬಿಸಿಕೊಡುವ ದಲ್ಲಾಳಿ! ಎಲ್ಲಾ ನಕ್ಕರು. ನನ್ನ ಸಾಹೇಬರು ನಗಲಿಲ್ಲ, ರಿಜಿಸ್ಟರ್ ತರಿಸಿಕೊಂಡು ಓದಿ ಸಹಿ ಹಾಕಿದರು. 2008ರ ಜುಲೈ 7ರಂದು ಕಾಬೂಲಿನಲ್ಲಿ ಕಾರ್ ಬಾಂಬ್ ಸಿಡಿದದ್ದು ಬೆಳಗಿನ ಹೊತ್ತು, ನಮ್ಮ ಎಂಬೆಸಿಯ ಗೇಟಿನ ಹತ್ತಿರ, ವೀಸಾಕ್ಕೆ ಜನ ಬರುವ ಸಮಯ. 58 ಜನ ಸತ್ತರು. ಬ್ರಿಗೇಡಿಯರ್ ರವಿ ದತ್ತ ಮೆಹ್ತಾ, ವಿದೇಶಾಂಗ ಸೇವೆಯ (ಐಎಫ್‌ಎಸ್) ಅಧಿಕಾರಿ ವೆಂಕಟೇಶ್ವರ ರಾವ್, ಐಟಿಬಿಪಿಯ ಇಬ್ಬರು ಜವಾನರು, ಉಳಿದವರಲ್ಲಿ ಬಹಳಷ್ಟು ಆ ಊರಿನ ಸಾಮಾನ್ಯ ಜನ. ಇದನ್ನು ಹೆದರಿಸಲು ಬರೆಯುತ್ತಿಲ್ಲ. ಭತ್ಯೆಯ ಲೆಕ್ಕ ಹಾಕುವಾಗ ಅವ್ವನಿಗೂ ಹೆಂಡತಿಗೂ ಈ ಲೆಕ್ಕವನ್ನೂ ಹೇಳಿ.

ಅಮೆರಿಕದವರ ಕಡೆ ಕೆಲಸ ಮಾಡಬಹುದಾ ಅಂತಲೂ ಕೇಳುತ್ತಾರೆ. ಅವರಲ್ಲಿ ಇದಕ್ಕೇ ಬೇರೆ ಇಲಾಖೆ ಇದೆ, ಡಿಪ್ಲೊಮ್ಯಾಟಿಕ್ ಸೆಕ್ಯುರಿಟಿ ಸರ್ವಿಸ್. 1983ರಲ್ಲಿ ಬೈರೂತಿನ ಅವರ ಎಂಬೆಸಿ ಮೇಲೆ ಬಾಂಬ್ ದಾಳಿ ಆಗಿ 63 ಜನ ಸತ್ತ ಮೇಲೆ, 1985ರಲ್ಲಿ ಇದಕ್ಕೊಂದು ಪ್ರತ್ಯೇಕ ಬ್ಯೂರೋ ಕಟ್ಟಿದರು. ಅದರ ಏಜೆಂಟ್ ಆಗಲು ಅಮೆರಿಕದ ಪ್ರಜೆ ಆಗಿರಬೇಕು, 37 ತುಂಬುವ ಮೊದಲು ನೇಮಕ ಆಗಬೇಕು. ನಮಗೆ ಇರುವುದು ಸ್ಥಳೀಯ ಸಿಬ್ಬಂದಿ ಹುದ್ದೆಗಳು ಮಾತ್ರ. ಮುಂಬೈಯಲ್ಲಿ ಅವರ ಕಾನ್ಸುಲೇಟ್ 2011ರಿಂದ ಬಿಕೆಸಿಯಲ್ಲಿದೆ (ಬಾಂದ್ರಾ ಕುರ್ಲಾ ಕಾಂಪ್ಲೆಕ್ಸ್), ಭದ್ರತಾ ತನಿಖೆಯಂಥ ಕೆಲಸಕ್ಕೆ ಇಲ್ಲಿಯವರನ್ನು ತಗೊಂಡಾಗ ಅವರದೇ ವೆಬ್‌ಸೈಟಿನಲ್ಲಿ ಹಾಕುತ್ತಾರೆ. ಪೊಲೀಸ್ ಅಥವಾ ಸೇನೆಯ ಅನುಭವ ಇದ್ದವರಿಗೆ ಬೆಲೆ. ಅಂದರೆ ಅಲ್ಲಿಗೂ ಪಕ್ಕದ ಬಾಗಿಲೇ.

ಭಾನುವಾರ ಬೆಳಿಗ್ಗೆ ಐದೂವರೆಗೆ ತಳಜಾಯಿಯ ಗೇಟಿನ ಹತ್ತಿರ ಇರುತ್ತೇನೆ. ಬರುವವರು ಶೂ ಜೊತೆಗೆ ಡೊಮಿಸೈಲ್, ಜಾತಿ ಸರ್ಟಿಫಿಕೇಟ್, ಹತ್ತನೇ ಕ್ಲಾಸಿನ ಮಾರ್ಕ್ಸ್ ಕಾರ್ಡ್ ಇವುಗಳ ಜೆರಾಕ್ಸ್ ತನ್ನಿ. ಮೊದಲು ಕಾಗದ ನೋಡೋಣ, ಓಟ ಆಮೇಲೆ.